ಮೊದಲ ಭಾರ ನೀರಿಗೆ

ತಣ್ಣಗಿದೆ ನೆಲ, ಅಂಗಾಲಿಗೆ ಗೊತ್ತಾಗುತ್ತಿದೆ, ಅಷ್ಟಾದರೂ ಗೊತ್ತಾಗುತ್ತಿದೆಯಲ್ಲ, ಪುಣ್ಯ — ಎರಡು ಕಂಬಿಗಳ ನಡುವೆ ನಾನು, ಮಂಡಿಯ ಆಪರೇಷನ್ ಆದ ಮುದುಕಿ, ಎಡಗಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ, ಪಕ್ಕದಲ್ಲಿ ಮೊಣಕೈ ಹಿಡಿದು ನಿಂತ ಇವರು, ನನ್ನ ಗಂಡ, ಎದುರಿಗೆ ವ್ಯಾಯಾಮ ಮಾಡಿಸುವ ಹುಡುಗಿ, ಭಾರ ಹಾಕಿ ಅಮ್ಮ, ಹಾಕಿದ ತಕ್ಷಣ ಎತ್ತಬೇಡಿ, ದಿನಾ ಇದೇ ಮಾಡ್ತೀರ, ಹೀಗೇ ಆದ್ರೆ ಡಾಕ್ಟ್ರು ಮತ್ತೆ ಕೊಯ್ಯೋಣ ಅಂತಾರೆ — ಮತ್ತೆಯೇ, ಕೇಳಿದರೇ ಜೀವ ಬಾಯಿಗೆ ಬರುತ್ತದೆ, ಆದರೂ ಭಾರ ಬಿದ್ದೊಡನೆ ಮಂಡಿ ಚುಳ್ಳೆನ್ನುತ್ತದೆ, ಕಾಲು ತಾನಾಗಿ ಮೇಲಕ್ಕೆ, ಛೆ, ಇದಕ್ಕೇ ಅಲ್ಲವೇ ವಿದ್ಯಾರ್ಥಿಗಳನ್ನು ನಾನು ಬೈದು ಬೈದು ಸುಸ್ತಾದದ್ದು, ಕಾಲೇಜಿನ ಮಣ್ಣು ಪರೀಕ್ಷೆಯ ಕೋಣೆಯಲ್ಲಿ, ಲೋಹದ ಉಂಗುರದೊಳಗಿನ ಹಸಿ ಜೇಡಿಮಣ್ಣಿನ ಮೇಲೆ ತೂಕ ಇಟ್ಟೊಡನೆ ಅಳತೆಯ ಮುಳ್ಳು ಹಾರುತ್ತದೆ, ಹೆದರಿ ತೂಕ ತೆಗೆದೇಬಿಡುತ್ತಿದ್ದರು, ತೆಗೀಬೇಡ್ರೋ, ಕೈ ಕಟ್ಕೊಂಡು ಕೂತ್ಕೊಳ್ಳಿ, ಮೊದಲ ಭಾರ ಒಳಗಿರೋ ನೀರು ಹೊರುತ್ತೆ, ಅದು ಮೆಲ್ಲಗೆ ಜಾರಿಕೊಂಡ ಮೇಲೇನೇ ಮಣ್ಣಿನ ಕಾಳು ಹೊರೋದು.

ಇಷ್ಟು ಸಣ್ಣ ಮಾತಿಗೆ ಎಷ್ಟು ಜನ ವಿಜ್ಞಾನಿಗಳು ತಲೆ ಕೆಡಿಸಿಕೊಂಡರು — ಒಬ್ಬ ಸಿಗಾರ್ ಡಬ್ಬಿಗಳಲ್ಲಿ ಮಣ್ಣಿಟ್ಟುಕೊಂಡು ಪ್ರಯೋಗ ಮಾಡಿದ, ಇನ್ನೊಬ್ಬ ನಿನ್ನ ಲೆಕ್ಕವೇ ತಪ್ಪು ಎಂದು ಅಚ್ಚು ಹಾಕಿಸಿ ಜಗಳಕ್ಕೆ ನಿಂತ, ಸೋತ, ಹೆಂಡತಿಯ ಜೊತೆ ಜೀವವನ್ನೇ ಕಳೆದುಕೊಂಡ, ದಶಕಗಳ ಮೇಲೆ ನೋಡಿದರೆ ಅವನ ಯೋಚನೆಯಲ್ಲೂ ಹುರುಳಿತ್ತು, ಯಾರು ಹೋಗಿ ಹೇಳಬೇಕು ಅವನಿಗೆ, ಆ ಪಾಠದ ದಿನ ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯತ್ತ ತಿರುಗುತ್ತಿದ್ದೆ, ಮೂರನೆಯವನು ಅದೇ ಲೆಕ್ಕವನ್ನು ಎಲ್ಲ ದಿಕ್ಕಿಗೂ ಬೆಳೆಸಿದ, ಆಮೇಲೆ ಮೂಳೆಯವರು ಬಂದರು, ಕೀಲಿನವರು ಬಂದರು, ಮಂಡಿಯ ಮೃದ್ವಸ್ಥಿಯೂ ನೀರು ಕುಡಿದ ಮಣ್ಣಿನ ಹಾಗೇ ಅಂದರು — ಗೆದ್ದವನಿಗೂ ನಮಸ್ಕಾರ, ಸೋತವನಿಗೆ ಇನ್ನೊಂದು ಹೆಚ್ಚಿಗೆ, ನಿಮ್ಮ ಜಗಳ ನನ್ನ ಮಂಡಿಯವರೆಗೂ ಬಂತಲ್ಲ ಮಹಾರಾಯರೇ, ಏನ್ ಮೇಡಮ್ಮೋರೇ, ನಿಂತಲ್ಲೇ ಪಾಠ ಶುರುವಾಯ್ತಾ, ಇವರ ಕೀಟಲೆ, ಊರವರ ಬಟ್ಟೆ ಹೊಲಿದು ಬೆನ್ನು ಬಾಗಿದ ದರ್ಜಿ, ಕೆಸರು ಮೆತ್ತಿಕೊಂಡು ಬಂದ ನನ್ನ ಬಟ್ಟೆಯನ್ನು ಗೊಣಗುತ್ತಲೇ ಒಗೆದು ಹಾಕಿದವರು, ಈಗ ಭುಜ ಕೊಟ್ಟು ನಿಂತಿದ್ದಾರೆ, ಹಾಕು ಭಾರ, ನನ್ ಮೇಲೇ ಹಾಕು, ನಾನೇನು ಮುರಿದು ಬೀಳಲ್ಲ.

ಹಾಕಿದೆ, ಚುಳ್ಳೆಂದಿತು, ಎತ್ತಲಿಲ್ಲ, ನನ್ನ ಪೂರ್ತಿ ಭಾರ ಅವರ ಕೈಮೇಲೆ, ಅವರ ಉಸಿರು ಬಿಗಿಯುವುದು ಕಿವಿಗೆ ಕೇಳುತ್ತಿದೆ, ಕಾಯಬೇಕು, ಕಾಯುತ್ತೇನೆ, ಮಂಡಿ ಚೂರು ಭಾರ ಹೊತ್ತಿತು, ಇನ್ನೂ ಚೂರು, ನೋವು ಇಳಿಯುತ್ತಿದೆ, ನನ್ನ ಕಾಲು, ನನ್ನದೇ ಕಾಲು, ಎಷ್ಟು ಸುಖ ಇದು, ಕೂಗಿ ಹೇಳಬೇಕೆನ್ನಿಸುತ್ತಿದೆ — ಬಿಡ್ಬೇಡಿ, ಗಟ್ಟಿಯಾಗಿ ಹಿಡ್ಕೊಳ್ಳಿ, ಅಂದರೆ ಹುಡುಗಿ ನಗುತ್ತಾಳೆ, ಅಮ್ಮಾ, ಅವ್ರು ಬಿಟ್ಟು ಎಷ್ಟೊತ್ತಾಯ್ತು — ನೋಡುತ್ತೇನೆ, ಮೊಣಕೈಯ ಕೆಳಗೆ ಅವರ ಕೈ, ಮುಟ್ಟಿಲ್ಲ, ಹಿಂದಕ್ಕೂ ಹೋಗಿಲ್ಲ, ಅಲ್ಲೇ ಕಾಯುತ್ತಿದೆ, ಆ ಕೈ