ಹೇಬೆಲನ ತಮ್ಮ

ದೇಲಂಪಾಡಿಯ ಆ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ. ನೀರಿಗಾಗಿ ಹಿರಿಯರು ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ್ದು. ಮನುಷ್ಯನೊಬ್ಬ ಬಗ್ಗಿ ನಡೆಯುವಷ್ಟೇ ಎತ್ತರ. ಕಳೆದ ಮಳೆಗಾಲದಲ್ಲಿ ಮಗ್ದಲಿನಳ ಹಿರಿಯ ಮಗ, ಪುಟ್ಟ ಬೊನಿಫಾಸ್, ಆಡುತ್ತ ಅದರೊಳಗೆ ಹೋದ, ಚಾವಣಿ ಕುಸಿಯಿತು. ನೆರೆಮನೆಯ ಜೀಪು ಚಾಲಕ ಚೆನ್ನಪ್ಪ ತೆವಳಿಕೊಂಡು ಹೋಗಿ ದೇಹವನ್ನು ಹೊರತಂದ. ಮಣ್ಣು ಮಾಡಿ ಬಂದ ಮೇಲೆ ಅತ್ತೆ ಎಮಿಲಿಯಾ, "ಅದು ಅಜ್ಜನ ಹೆಸರು. ಅದಕ್ಕೆ ಸಾವಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಕುಟುಂಬದ ಕ್ರಮವೇ ಹಾಗೆ. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು. ಅವನು ಉಳಿಯದಿದ್ದರೆ ಮುಂದೆ ಹುಟ್ಟುವ ಗಂಡಿಗೆ ಅದೇ ಹೆಸರು. ಈಗ, ೧೯೯೧ರ ಬೇಸಿಗೆಯಲ್ಲಿ, ಮಗ್ದಲಿನಳ ಮಡಿಲಲ್ಲಿ ಎರಡನೆಯ ಗಂಡುಮಗು. ಬರುವ ಭಾನುವಾರ ಹೆಸರಿಡುವ ಜ್ಞಾನಸ್ನಾನ.

ಎಮಿಲಿಯಾ ಅಷ್ಟು ಕಾಯಲಿಲ್ಲ. ಹಿತ್ತಿಲಲ್ಲಿ ಮಗುವನ್ನು ಮೀಯಿಸುವಾಗ, "ಬೊನೀ, ಅಲ್ಲಿ ಚಳಿ ಇತ್ತಾ ಮಗಾ? ಹೆದರಿದ್ಯಾ?" ಎಂದು ಕೇಳುವಳು. ಕರೆದ ಹೆಸರನ್ನು ಸುರಂಗದ ಬಾಯಿ ತುಸು ತಡೆದಿಟ್ಟುಕೊಂಡು ತಣ್ಣಗೆ ಹಿಂದಿರುಗಿಸುವುದು. ಆಗ ಮಗು ತಲೆ ಹೊರಳಿಸುತ್ತಿತ್ತು: ಅಜ್ಜಿಯ ಕಡೆಗಲ್ಲ, ಗುಡ್ಡದ ಕಡೆಗೆ.

ಅದು ಪ್ರತಿಧ್ವನಿ ಎಂದು ಮಗ್ದಲಿನಳಿಗೆ ತಿಳಿದಿತ್ತು. ತಿಳಿದ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ಒಂದು ಮಧ್ಯಾಹ್ನ ಹಾಲೂಡಿಸುತ್ತ ಅವಳೇ "ಬೊನಿ" ಎಂದುಬಿಟ್ಟಿದ್ದಳು; ಆ ಕರೆ ಬಾಯಿಗೆ ಎಷ್ಟೊಂದು ಹಿತವಾಗಿತ್ತು! ಹೀಗೇ ಬಿಟ್ಟರೆ ಈ ಮಗು ಅಣ್ಣನಾಗಿಯಲ್ಲದೆ ತಾನಾಗಿ ಒಂದು ದಿನವೂ ಬದುಕಲಾರದು ಎನ್ನಿಸಿ, ಮರುದಿನ ಇಗರ್ಜಿಗೆ ಹೋದಳು. ಅಲ್ಲಿನ ಫಾದರ್ ಸಾಲ್ವದೊರ್ ಹಿಂದೆ ಸೆಮಿನರಿಯಲ್ಲಿ ಹೀಬ್ರೂ ಕಲಿಸಿದ್ದವರು.

"ಸತ್ತವನ ಹೆಸರನ್ನು ತಮ್ಮನಿಗೆ ಇಡಬಹುದಾ ಫಾದರ್?"

"ಇಡಬಾರದೆಂಬ ನಿಯಮ ಇಲ್ಲಮ್ಮ. ಆದರೆ ಬೈಬಲಿನ ಮೊದಲ ತಾಯಿ ಹವ್ವಳು ಇಡಲಿಲ್ಲ. ಅವಳ ಮಗ ಹೇಬೆಲ್; ಹೀಬ್ರೂವಿನಲ್ಲಿ ಹಾಗೆಂದರೆ ಉಸಿರು. ಕಾಣುವಷ್ಟರಲ್ಲಿ ಕರಗುವ ಆವಿ. ಅವನು ಕೊಲೆಯಾದ ಮೇಲೆ ಹುಟ್ಟಿದ ಮಗನನ್ನು ಅವಳು ಸೇತ್ ಎಂದಳು."

"ಹಾಗಂದರೆ ಎಂತ?"

"ಇರಿಸಲ್ಪಟ್ಟವನು. ಹೇಬೆಲನ ಬದಲಿಗೆ ದೇವರು ಕೊಟ್ಟವನು ಅಂತ ಅವಳ ಮಾತು."

ಮಗ್ದಲಿನಳ ಮುಖ ಬಾಡಿತು. "ಬದಲಿಗೆ ಅಂದ ಮೇಲೆ ಅದೂ ಇದೇ ಆಯಿತಲ್ಲ."

ಫಾದರ್ ಬೈಬಲಿನ ಆ ಪುಟ ತೆರೆದು ಸಾಲಿನ ಮೇಲೆ ಬೆರಳಿಟ್ಟರು. "ಬದಲಿಗೆ ಎನ್ನುವುದು ಅವಳ ದುಃಖ. ಹೆಸರಿನಲ್ಲಿ 'ಇರಿಸು' ಎಂಬುದಷ್ಟೇ ಉಂಟು. ಹೇಬೆಲ್ ಅದರೊಳಗೆ ಇಲ್ಲ."

ಭಾನುವಾರ ಚೆನ್ನಪ್ಪನ ಜೀಪು ಬಂತು. ಮಗ್ದಲಿನಳ ಗಂಡ ಲೆಸ್ಲಿಯನ್ನು ನೋಡಿ, ಊರಲ್ಲಿ ಕ್ರೈಸ್ತ ಗಂಡಸರನ್ನು ಕರೆಯುವ ಹಾಗೆ ಕರೆದು, ಅವನು ನಕ್ಕ. "ಎಂತ ಪೊರ್ಬುಗಳೇ, ಈ ಸೆಕೆಗೆ ಕೋಟು! ಸ್ನಾನ ಮಗುವಿಗಾ, ನಿಮಗಾ?"

"ನೀನು ಗೇರು ಹಾಕು ಮಾರಾಯ."

"ನಿಧಾನ ಬಿಡು ಚೆನ್ನಪ್ಪ," ಎಂದಳು ಎಮಿಲಿಯಾ. "ನಮ್ಮ ಬೊನಿಗೆ ಧೂಳು ತಾಗಬಾರದು."

ಚೆನ್ನಪ್ಪನ ನಗು ಅಲ್ಲಿಗೇ ನಿಂತಿತು. ದಾರಿಯುದ್ದಕ್ಕೂ ಅವನು ಹಿಂದೆ ನೋಡಲಿಲ್ಲ.

"ಈ ಮಗುವಿಗೆ ಯಾವ ಹೆಸರು ಕೊಡುತ್ತೀರಿ?" ಎಂದು ಇಗರ್ಜಿಯಲ್ಲಿ ಫಾದರ್ ಕೇಳಿದಾಗ ಲೆಸ್ಲಿ ತಾಯಿಯ ಮುಖ ನೋಡಿದ. ಮಗ್ದಲಿನಳ ನಾಲಗೆಯ ತುದಿಗೆ ಆ ಹಿತವಾದ ಹೆಸರೇ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

"ಸೇತ್."

"ಅಲ್ಲ ಫಾದರ್, ಬೊನಿಫಾಸ್!" ಎಮಿಲಿಯಾ ಮುಂದೆ ಬಂದಳು.

"ಬೊನಿಫಾಸ್ ತೀರಿಕೊಂಡಿದ್ದಾನೆ, ಮಾಂಯ್," ಎಂದಳು ಮಗ್ದಲಿನ್ ಅತ್ತೆಗೆ. " ಇವನು ಅವನಲ್ಲ."

ಫಾದರ್ ತಂದೆಯ ಕಡೆ ತಿರುಗಿದರು. ಲೆಸ್ಲಿ ಕಷ್ಟಪಟ್ಟು ಬಾಯಿ ತೆರೆದ. "ಸೇತ್," ಎಂದ. ನೀರು ಬಿತ್ತು, ಮಗು ಚೀರಿತು.

ಎಮಿಲಿಯಾ ಮುಗಿಯುವತನಕ ನಿಲ್ಲದೆ ಹೊರಗೆ ಹೋದಳು. ಬರಿಯ ಕೈಗಳನ್ನು ಮಡಿಲಲ್ಲಿಟ್ಟು ಮೆಟ್ಟಿಲ ಮೇಲೆ ಕುಳಿತವಳನ್ನು ಕಂಡು ಚೆನ್ನಪ್ಪ ಓಡಿ ಬಂದ.

"ಎಂತಾಯಿತು ಬಾಯಮ್ಮ?"

"ನಮ್ಮ ಬೊನಿ ತೀರಿಹೋದ, ಚೆನ್ನಪ್ಪ." ಈಗಷ್ಟೇ ಸುದ್ದಿ ಬಂದವಳ ಹಾಗೆ ಹೇಳಿದಳು. "ಸುರಂಗದಲ್ಲಿ."

ಚೆನ್ನಪ್ಪ ತಲೆಗೆ ಸುತ್ತಿದ್ದ ಬೈರಾಸು ತೆಗೆದ. "ಹೌದಾ ಅಮ್ಮ," ಎಂದ, ಆ ಸುದ್ದಿಯನ್ನು ಮೊದಲ ಸಲ ಕೇಳಿದವನಂತೆ. "ಬಹಳ ಒಳ್ಳೆ ಮಗು."

ಆಗ ಅವಳ ಗಂಟಲಿನಿಂದ ಹೊರಟ ದನಿಗೆ ಇಗರ್ಜಿಯೊಳಗಿನ ಪ್ರಾರ್ಥನೆ ನಿಂತುಹೋಯಿತು. ಬಾಗಿಲಿಗೆ ಬಂದ ಮಗ್ದಲಿನ್ ಸೇತನನ್ನು ಗಂಡನ ತೋಳಿಗೆ ಕೊಟ್ಟು, ಇಳಿದು ಬಂದು, ಅತ್ತೆಯ ಪಕ್ಕದಲ್ಲಿ ಕುಳಿತಳು.