ಎರಡು ಗಂಟೆಯ ಶಿಳ್ಳೆ

ಅಪ್ಪ ತೀರಿಕೊಂಡ ಮೂರನೇ ವಾರ, ಸೂಪರ್ ಮಾರ್ಕೆಟ್ಟಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ಬಟಾಣಿ ಇಡುವ ಫ್ರೀಜರಿನ ಹಿಂದೆ ಅವರೇ ಶಿಳ್ಳೆ ಹಾಕಿದರಂತೆ.

ಹೇಳಿದವನು ಅಲ್ಲಿ ಮೀನು ಕತ್ತರಿಸುವವನು. ಅವನ ಮಾತಿಗೆ ಸೊಪ್ಪು ಹಾಕುವವಳಲ್ಲ ನಾನು. ಆದರೂ ಹೋಗಿ ಕಿವಿಗೊಟ್ಟೆ. ಹಲ್ಲಿನ ಸಂದಿಯಿಂದ ಬರುವ ಸಣ್ಣ, ಎಳೆದ ಶಿಳ್ಳೆ. ಅಪ್ಪನದೇ.

ಈ ಅಂಗಡಿಯ ಫ್ರೀಜರುಗಳಿಗೆ ಅಪ್ಪನೇ ಮೆಕ್ಯಾನಿಕ್. ಅವರ ನಂತರ ನಾನು. ರಿಪೇರಿಗೆ ಮುಂಚೆ ಪೈಪಿನೊಳಗಿನ, ತಂಪು ಮಾಡುವ ಗ್ಯಾಸನ್ನು ಕಿಟಕಿಯಾಚೆ ಬಿಟ್ಟುಬಿಡುವುದು ಅವರ ಪದ್ಧತಿ. ವಾಲ್ವ್ ತಿರುಗಿಸಿ, ಖಾಲಿಯಾಗುವವರೆಗೂ ಅದರದೇ ಸ್ವರದಲ್ಲಿ ಶಿಳ್ಳೆ ಹಾಕುತ್ತಿದ್ದರು. "ಬಣ್ಣ ಇಲ್ಲ, ವಾಸನೆ ಇಲ್ಲ, ಯಾರಿಗೇನು ತೊಂದ್ರೆ?" ಎನ್ನುತ್ತಿದ್ದರು.

ಆ ಗ್ಯಾಸ್ ಒಂದು ಕೆಜಿ ಸೋರಿದರೆ, ಭೂಮಿಯನ್ನು ಕಾಯಿಸುವುದರಲ್ಲಿ ಸುಮಾರು ನಾಲ್ಕು ಸಾವಿರ ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಇದನ್ನು ನಾನು ತರಬೇತಿಯಲ್ಲಿ ಕಲಿತು ಬಂದು ಅಮ್ಮನಿಗೆ ಮಾತ್ರ ಹೇಳಿದೆ. "ಅವರಿಗೆ ಹೇಳ್ಬೇಡ ಕಣೇ, ನೊಂದ್ಕೋತಾರೆ" ಎಂದಳು. ನಾನು ಬಾಯಿ ಮುಚ್ಚಿಕೊಂಡೆ.

ಶಿಳ್ಳೆಯ ಗುಟ್ಟು ತಿಳಿಯಲು ಒಂದೇ ದಿನ ಸಾಕಾಯಿತು. ಯಂತ್ರ ಓಡುವಾಗ ಫ್ರೀಜರಿನ ಹಿಂದಿನ ಪೈಪಿನಲ್ಲಿ ಒತ್ತಡ ಕಡಿಮೆ. ಸೋರಿಕೆ ಹುಡುಕಲು ಸೋಪು ನೀರು ಹಚ್ಚಿದರೂ ಗುಳ್ಳೆ ಏಳುವುದಿಲ್ಲ. ಎರಡು ಗಂಟೆಗೆ ಹಿಮ ಕರಗಿಸಲು ಯಂತ್ರ ತಾನಾಗಿಯೇ ನಿಲ್ಲುತ್ತದೆ, ಒತ್ತಡ ಏರುತ್ತದೆ, ಬೆಸುಗೆಯಲ್ಲಿನ ಕೂದಲಿನಂಥ ಬಿರುಕಿನಿಂದ ಗ್ಯಾಸ್ ಹೊರಡುತ್ತದೆ. ಅಂಗಡಿ ನಿಲ್ಲಬಾರದೆಂದು ಅಪ್ಪ ಸದಾ ಓಡುವ ಯಂತ್ರವನ್ನೇ ಪರೀಕ್ಷಿಸಿ, ಎಲ್ಲ ಸರಿಯಿದೆಯೆಂದು ಮತ್ತೆ ಗ್ಯಾಸ್ ತುಂಬುತ್ತಿದ್ದರು. ಆ ಬೆಸುಗೆಯೂ ಅವರ ಕೈಯದೇ.

ಬಿರುಕನ್ನು ಅಂದೇ ಮುಚ್ಚಬೇಕಿತ್ತು. ಆದರೆ ಮೀನಿನವನ ಬಾಯಿ ಸುಮ್ಮನಿರುತ್ತದೆಯೇ? ಮರುದಿನ ಎರಡಕ್ಕೆ ಐದು ನಿಮಿಷವಿರುವಾಗ ಅಮ್ಮ ಬುಟ್ಟಿ ಹಿಡಿದು ಬಟಾಣಿಯ ಮುಂದೆ ಹಾಜರ್. ಕಣ್ಣು ಮುಚ್ಚಿ ಕೇಳಿದಳು, ಒಂದು ಪ್ಯಾಕೆಟ್ ಕೊಂಡಳು. ಮೂರು ವಾರದಿಂದ ಊಟ ಸೇರದಿದ್ದವಳು ಅಂದು ರಾತ್ರಿ ಹೊಟ್ಟೆತುಂಬ ಉಂಡಳು. ಇನ್ನು ಮುಚ್ಚಲು ನನಗೆ ಕೈ ಬರುವುದುಂಟೇ?

ಆರು ತಿಂಗಳು ಅಮ್ಮ ದಿನವೂ ಬಂದಳು. ನಮ್ಮ ಮನೆಯ ಫ್ರಿಜ್ಜಿನಲ್ಲಿ ಬಟಾಣಿ ಬಿಟ್ಟು ಬೇರೆ ಯಾವುದಕ್ಕೂ ಜಾಗವಿಲ್ಲ. ನಾನು ತಿಂಗಳಿಗೆ ಐದು ಕೆಜಿ ಗ್ಯಾಸ್ ತುಂಬುತ್ತಾ ಹೋದೆ. ಸುಳ್ಳೇಕೆ ಹೇಳಲಿ, ಎರಡು ಗಂಟೆಗೆ ನಾನೂ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಆಮೇಲೆ ಬಸ್ಸಿನ ಬಾಗಿಲು ತೆರೆದರೂ ಅದೇ ಸದ್ದು, ನಲ್ಲಿ ತಿರುಗಿಸಿದರೂ ಅದೇ. ಅದು ಕರೆಯುತ್ತಿದೆಯೋ ಬೈಯುತ್ತಿದೆಯೋ ತಿಳಿಯದೆ ಹೆದರುತ್ತಿದ್ದೆ.

ಕಳೆದ ವಾರ ಬಿರುಕು ದೊಡ್ಡದಾಯಿತು. ಶಿಳ್ಳೆ ಒಡೆದು ಏದುಸಿರಾಯಿತು. ಆಸ್ಪತ್ರೆಯ ಮಂಚದ ಮೇಲೆ ಅಪ್ಪ ಕೊನೆಯ ಎರಡು ದಿನ ಹಾಗೆಯೇ ಉಸಿರಾಡಿದ್ದರು. ಅಮ್ಮ ಬುಟ್ಟಿ ಕೆಳಗಿಟ್ಟಳು.

"ಸಾಕು. ಮತ್ತೆ ಅವರನ್ನ ಹೀಗೆ ಒದ್ದಾಡಿಸ್ಬೇಡ. ನಿಲ್ಸು."

"ಅಮ್ಮಾ, ಅದು ಅಪ್ಪ ಅಲ್ಲ..."

"ಗ್ಯಾಸ್ ಅಂತ ನಂಗೊತ್ತಿಲ್ವಾ? ಮೆಕ್ಯಾನಿಕ್ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದೀನಿ."

ಅಂದೇ ಯಂತ್ರ ನಿಲ್ಲಿಸಿದೆ. ಉಳಿದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಅಪ್ಪನ ಬೆಸುಗೆ ಕತ್ತರಿಸಿ ಹೊಸದು ಹಾಕಿದೆ.

ಮರುದಿನ ಎರಡು ಗಂಟೆಗೆ ಅಮ್ಮ ಬಂದಳು. ಯಂತ್ರ ನಿಂತಿತು. ಏನೂ ಕೇಳಿಸಲಿಲ್ಲ. ಕೈಯಲ್ಲಿದ್ದ ಬಟಾಣಿ ಪ್ಯಾಕೆಟ್ಟನ್ನು ಅವಳು ಮತ್ತೆ ಫ್ರೀಜರಿನಲ್ಲಿಯೇ ಇಟ್ಟಳು. ಅವಳನ್ನು ಬಾಗಿಲವರೆಗೆ ಬಿಡಲು ಹೋದೆ. ಹೊರಗೆ ಬಿಸಿಲು ರಾಚುತ್ತಿತ್ತು.

"ಎಷ್ಟು ಹೋಯ್ತು?"

"ಮೂವತ್ತು ಕೆಜಿ."

"ಎಲ್ಲಿದೆ ಈಗ?"

"ಮೇಲೇ ಇದೆ. ಇನ್ನೂ ಮೂವತ್ತು ನಲವತ್ತು ವರ್ಷ ಇರುತ್ತೆ. ಅಪ್ಪ ಬಿಟ್ಟಿದ್ದೂ ಅಲ್ಲೇ ಇದೆ."

ಅಮ್ಮ ಬಹಳ ಹೊತ್ತು ಆಕಾಶ ನೋಡಿದಳು. ಸಮಾಧಾನ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

"ಅವರಿಗೆ ಗೊತ್ತಿರ್ಲಿಲ್ಲ ಕಣೇ," ಎಂದಳು. "ನಮಗೆ ಗೊತ್ತಿತ್ತು."

ಕೊಡೆ ಬಿಡಿಸಿಕೊಂಡು ಮನೆಯ ಕಡೆ ನಡೆದಳು.