ಮುಂದಿನ ಎಡಗಡೆಯ ಹಿಡಿ

ಎಡ್ವಿನ್ ದೊಡ್ಡಪ್ಪ ಸಾಯುವ ಮುಂಚೆ ಮಗನಿಗೆ ಹೇಳಿದ್ದು ಇಷ್ಟೇ ಅಂತೆ: “ನನ್ನ ಶವಪೆಟ್ಟಿಗೆಯ ಮುಂದಿನ ಎಡಗಡೆಯ ಹಿಡಿ ತೂರ್ಲೈವ್‌ಗೆ. ಅವನಾಗಿ ಬರಲ್ಲ. ಕೇಳಬೇಕು.”

ತೂರ್ಲೈವ್ ಎಂದರೆ ನನ್ನ ಅಪ್ಪ. ಭಾನುವಾರ ದೊಡ್ಡಪ್ಪನ ಮಗ ಯೂಸ್ಟೈನ್ ಫೋನ್ ಮಾಡಿ ಕೇಳಿದ. ಅಪ್ಪ “ಆಗಲಿ” ಅಂದ. ಇನ್ನೊಮ್ಮೆ “ಆಗಲಿ” ಅಂದ. ಫೋನ್ ಇಟ್ಟವನೇ ಕರಿಯ ಬೂಟು ತೆಗೆದು ಪಾಲಿಶ್ ಮಾಡಲು ಕೂತ.

ಅಣ್ಣತಮ್ಮಂದಿರು ಮಾತು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು. ಜಗಳವಾಡಿ ಬಿಟ್ಟದ್ದಲ್ಲ. ಅಜ್ಜಿಯ ಪೆಟ್ಟಿಗೆ ಹೊರಲು ಆರು ಜನ ಬೇಕಿತ್ತು. ಅಣ್ಣ ತಾನಾಗಿ ಬಂದು ಹಿಡಿಯುತ್ತಾನೆ ಅಂದುಕೊಂಡ ಅಪ್ಪ, ಲಾರಿ ಓಡಿಸುವ ಗೆಳೆಯರಲ್ಲಿ ನಾಲ್ವರನ್ನು ಮಾತ್ರ ಕರೆದಿದ್ದ. ದೊಡ್ಡಪ್ಪ ಚರ್ಚಿನ ಗೋಡೆ ಪಕ್ಕ ನಿಂತು, ತಮ್ಮ ಕರೆಯಲಿ ಎಂದು ಕಾಯುತ್ತಿದ್ದ. ಇವನು ಕರೆಯಲಿಲ್ಲ, ಅವನು ಬರಲಿಲ್ಲ. ಕೊನೆಗೆ ಚರ್ಚಿನ ಕಾವಲುಗಾರ ಆರನೆಯವನಾಗಿ ಕೈ ಕೊಟ್ಟ. ಇಬ್ಬರಿಗೂ ಅಜ್ಜಿ ಕಲಿಸಿದ್ದ ಪಾಠ ಒಂದೇ: ಯಾರಿಗೂ ಭಾರ ಆಗಬೇಡ. ನಮ್ಮ ಕಡೆ ಇದನ್ನು ಮರ್ಯಾದೆ ಅನ್ನುತ್ತಾರೆ.

ಶವಸಂಸ್ಕಾರ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ, ಸಾಲ್ತ್ ಘಟ್ಟದ ಆಚೆ, ರೊಗ್ನಾನ್‌ನಲ್ಲಿ. ನಾವಿರುವುದು ಗ್ರೋಂಗ್‌ನಲ್ಲಿ, ಒಂದು ದಿನದ ದಾರಿ. ಹಿಮ ಕುಸಿದು ಆ ವಾರ ರೈಲು ನಿಂತಿತ್ತು. ಅಪ್ಪನ ಕಣ್ಣು ಮಂಜಾಗಿ ಡಾಕ್ಟರು ಲೈಸೆನ್ಸ್ ಕಿತ್ತುಕೊಂಡಿದ್ದರು. ಉಳಿದದ್ದು ನನ್ನ ಗಂಡ ಸಿಂದ್ರೆಯ ಎಲೆಕ್ಟ್ರಿಕ್ ಕಾರು. ನಲವತ್ತು ವರ್ಷ ಮರದ ಲಾರಿ ಓಡಿಸಿದ ಅಪ್ಪ ಆ ಕಾರನ್ನು ಕಾರು ಎಂದು ಕರೆದದ್ದೇ ಇಲ್ಲ. ಅವನ ಬಾಯಲ್ಲಿ ಅದು “ಮೊಲೆಗೂಸು”.

ಸಿಂದ್ರೆ ಪುರಸಭೆಯ ನೀರು ಸರಬರಾಜಿನಲ್ಲಿದ್ದಾನೆ. ಚಳಿಗಾಲದ ದೂರಪ್ರಯಾಣ ಅವನಿಗೆ ಸುಖ ಕೊಡುವ ಲೆಕ್ಕ. ಅವನ ಹಾಗೆ ಲೆಕ್ಕ ಹಾಕುವವರನ್ನು ನಾನು ಕಂಡಿಲ್ಲ, ನಾನು ರಸಾಯನಶಾಸ್ತ್ರ ಕಲಿಸುವವಳು. ಮೈನಸ್ ಇಪ್ಪತ್ತರಲ್ಲಿ ಬೇಸಿಗೆಯ ದೂರದ ಮೂರರಲ್ಲಿ ಒಂದು ಪಾಲು ಇಲ್ಲವೆಂದೇ ತಿಳಿಯಬೇಕು, ಎದುರುಗಾಳಿಗೆ ಇನ್ನಷ್ಟು ಕಳೆಯಬೇಕು, ಏರಿಗೆ ಬೇರೆ. ಯಾವ ಚಾರ್ಜಿಂಗ್ ನಿಲ್ದಾಣದಲ್ಲಿ ಎಷ್ಟು ಕೇಬಲ್ಲು, ಒಂದು ಕೆಟ್ಟರೆ ಹತ್ತಿರದಲ್ಲಿ ಇನ್ನೊಂದು ಉಂಟೇ, ಎಲ್ಲ ಅವನ ತಲೆಯಲ್ಲಿತ್ತು. ಗುರುವಾರ ಮೂಶ್ಯೋನ್‌ವರೆಗೆ ಹೋಗಿ, ಅಲ್ಲಿ ಅರ್ಧದಷ್ಟು ತುಂಬಿಸಿ, ವಸತಿಗೃಹದಲ್ಲಿ ಮಲಗುವುದು. ಶುಕ್ರವಾರ ಬೆಳಿಗ್ಗೆ ಮೋ ಪಟ್ಟಣಕ್ಕೆ. ಬ್ಯಾಟರಿ ಹೆಚ್ಚುಕಡಿಮೆ ಖಾಲಿಯಾಗಿ, ಆದರೆ ಬೆಚ್ಚಗಾಗಿ ಅಲ್ಲಿ ಮುಟ್ಟಬೇಕು, ಆಗ ಅದು ಬೇಗ ಕುಡಿಯುತ್ತದೆ. ಅರ್ಧ ಗಂಟೆಯಲ್ಲಿ ತುಂಬಿಸಿಕೊಂಡು ಘಟ್ಟದ ಗೇಟಿಗೆ. ಹಿಮಗಾಳಿ ಬೀಸುವ ದಿನ ಘಟ್ಟದ ಗೇಟು ಹಾಕುತ್ತಾರೆ. ಹಿಮ ತಳ್ಳುವ ಲಾರಿಯ ಹಿಂದೆ ಗಾಡಿಗಳನ್ನು ಸಾಲು ಕಟ್ಟಿಸಿ ದಾಟಿಸುತ್ತಾರೆ. ಹನ್ನೊಂದೂವರೆಯ ಸಾಲು ಸಿಕ್ಕರೆ ಅಪ್ಪ ಹಿಡಿ ಹಿಡಿಯುತ್ತಾನೆ. ಅದು ತಪ್ಪಿದರೆ ಮುಂದಿನದು ಎರಡು ಗಂಟೆಗೆ.

ಮೂಶ್ಯೋನ್ ನಿಲ್ದಾಣದಲ್ಲಿ ಸಿಂದ್ರೆ ಕೇಬಲ್ಲು ಚುಚ್ಚುತ್ತಿದ್ದಾಗ ಅಪ್ಪ ಪಕ್ಕದ ಕಾರಿನವರಿಗೆ ಕೇಳಿಸುವ ಹಾಗೆ ಹೇಳಿದ: “ಇದಕ್ಕೆ ಮೂರು ಹೊತ್ತು ಹಾಲು ಕುಡಿಸಬೇಕು. ತೇಗು ಬರೋ ತನಕ ಬೆನ್ನು ತಟ್ಟಬೇಕು. ನನ್ನ ಅಳಿಯಂಗೆ ಬೇರೆ ಕೂಸಿಲ್ವಲ್ಲ, ಇದನ್ನೇ ಸಾಕ್ತಾನೆ.”

“ಅಪ್ಪ,” ಅಂದೆ.

“ಯಾಕೆ, ಸುಳ್ಳಾ? ಆ ಗರಗಸದ ಮಿಲ್ಲಿನ ಹುಡುಗ ಒಬ್ಬ ನಿನ್ನ ಹಿಂದೆ ಸುತ್ತುತಿದ್ದ. ಅವನ ಹತ್ರ ಡೀಸೆಲ್ ಇತ್ತು, ಒಡ್ನಿ.”

ಪಕ್ಕದ ಕಾರಿನ ಹೆಂಗಸು ನಗು ತಡೆದು ಆ ಕಡೆ ತಿರುಗಿದಳು. ಸಿಂದ್ರೆ ಕೈಗವಸು ಕಳಚಿ, ಬೆರಳುಗಳನ್ನು ಒಂದೊಂದಾಗಿ ಉಜ್ಜಿಕೊಂಡು, ಮತ್ತೆ ಹಾಕಿಕೊಂಡ. ಮಕ್ಕಳಾಗದೆ ನಾವು ಐದು ವರ್ಷ ಆಸ್ಪತ್ರೆಗೆ ಅಲೆದದ್ದು ಅಪ್ಪನಿಗೆ ಗೊತ್ತಿತ್ತು.

ರಾತ್ರಿ ಕಾರು ಬಯಲಲ್ಲಿ ನಿಂತಿತ್ತು. ಬೆಳಿಗ್ಗೆ ಮೈನಸ್ ಇಪ್ಪತ್ತಾರು. ಅಪ್ಪ ಕರಿಯ ಸೂಟಿನ ಮೇಲೆ ದಪ್ಪ ಜಾಕೆಟ್ಟು ಹಾಕಿಕೊಂಡು, ಕಾಲು ಉದ್ದವೆಂದು ಮುಂದೆ ಕೂತ. ನಾನು ಹಿಂದೆ.

“ಏನಿದು ಪರದೆ ಮೇಲೆ?” ಅಪ್ಪ ಕೇಳಿದ. “ಮತ್ತೆ ಪ್ಲಗ್ಗಾ?”

“ಮೋ ನಿಲ್ದಾಣ. ಮೊದಲು ಅಲ್ಲಿಗೆ.”

“ನಾವು ಹೊರಟಿರೋದು ಚರ್ಚಿಗೆ ಕಣಯ್ಯ. ಚರ್ಚ್ ಅಂತ ಹಾಕು. ಪ್ಲಗ್ಗಿಗೆ ಹೋಗೋ ದಾರೀಲಿ ನಮ್ಮಣ್ಣನ್ನ ಹೂಳ್ತಾರೆ ಅನ್ನೋ ಹಂಗಿದೆ. ಸತ್ತೋನಿಗೆ ಒಂದು ಮರ್ಯಾದೆ ಬೇಡ್ವಾ?”

ಸಿಂದ್ರೆ ಅವನನ್ನು ಸ್ವಲ್ಪ ಹೊತ್ತು ನೋಡಿದ. “ಚರ್ಚ್ ಅಂತ ಹಾಕಲಾ?”

“ಹಾಕು. ಆ ಪ್ಲಗ್ಗುಗಳನ್ನೆಲ್ಲ ಅಳಿಸು.”

“ಸರಿ, ತೂರ್ಲೈವ್. ನೀವು ಹೇಳಿದ ಹಾಗೆ.”

ಅವನ ಬೆರಳು ಪರದೆಯ ಮೇಲೆ ಎರಡು ಮೂರು ಸಲ ಆಡಿತು. ಅಪ್ಪನ ಬಾಯಿ ಮುಚ್ಚಿಸಲು ಏನೋ ಮಾಡಿದ ಎಂದುಕೊಂಡೆ. ದಾರಿಯುದ್ದಕ್ಕೂ ಅಪ್ಪ ಬಲಗೈಯನ್ನು ಎಡಗೈಯಿಂದ ಹಿಚುಕುತ್ತಿದ್ದ. ಹಿಡಿ ಜಾರದಷ್ಟು ಬಲ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದಾನೆ ಎಂದು ನನಗೆ ತಡವಾಗಿ ಹೊಳೆಯಿತು. ಮುಂದಿನ ಎಡಗಡೆಯ ಹಿಡಿಗೆ ಬಲಗೈ ಬೇಕು.

ಮೋದಲ್ಲಿ ಕೇಬಲ್ಲು ಚುಚ್ಚಿದ ಮೇಲೆ ನಾನು ಯಂತ್ರದ ಮುಂದೆ ನಿಂತೆ. ನೂರೈವತ್ತು ಕಿಲೋವ್ಯಾಟ್ ತೋರಿಸಬೇಕಾದ ಕಡೆ ಇಪ್ಪತ್ತೆಂಟು ಎಂದಿತ್ತು. ಕಾಯುತ್ತ ನಿಂತೆ. ಮೂವತ್ತಾಯಿತು, ಅಲ್ಲೇ ನಿಂತಿತು. ಕೇಬಲ್ಲು ಬದಲಾಯಿಸಿದೆವು, ಅದೇ ಮೂವತ್ತು. ಯಂತ್ರ ಸರಿಯಾಗಿತ್ತು. ಬ್ಯಾಟರಿ ತಣ್ಣಗಿತ್ತು. ತಣ್ಣಗಿನ ಬ್ಯಾಟರಿ ಚಳಿಗೆ ಮರಗಟ್ಟಿದ ಬೆರಳಿನ ಹಾಗೆ. ಅಂಗಿಯ ಗುಂಡಿ ಹಾಕುತ್ತದೆ, ಆದರೆ ಒಂದೊಂದು ಗುಂಡಿಗೂ ಯುಗ. ಅವಸರ ಮಾಡಿದರೆ ಒಳಗೆ ಹಾಳಾಗುತ್ತದೆ ಎಂದು ಕಾರೇ ತಡೆ ಹಾಕಿಕೊಳ್ಳುತ್ತದೆ. ಹೋಗುವ ಜಾಗ ಚಾರ್ಜಿಂಗ್ ನಿಲ್ದಾಣ ಎಂದು ಹೇಳಿಟ್ಟರೆ ಕಾರು ದಾರಿಯಲ್ಲೇ ಬ್ಯಾಟರಿಯನ್ನು ಕಾಯಿಸಿಕೊಂಡು ಬರುತ್ತದೆ. ಹೇಳದಿದ್ದರೆ ಇಲ್ಲ.

ಬಾಗಿಲು ತೆಗೆದು ಪರದೆ ನೋಡಿದೆ. ರೊಗ್ನಾನ್ ಚರ್ಚ್.

“ನೀನು ಕಾಯಿಸಿಲ್ಲ,” ಅಂದೆ.

“ನಿಮ್ಮಪ್ಪ ಚರ್ಚ್ ಅಂತ ಹಾಕು ಅಂದ್ರು. ಹಾಕಿದೆ.”

“ಅವನಿಗೇನು ಗೊತ್ತು! ನಿನಗೆ ಗೊತ್ತಿತ್ತಲ್ಲ?”

“ನನಗೆ ಗೊತ್ತಿರೋದನ್ನ ಅವರು ಯಾವತ್ತಾದ್ರೂ ಕೇಳಿದಾರಾ?” ಸಿಂದ್ರೆ ಶಾಂತವಾಗಿ ಹೇಳಿದ. “ಕೂಸಿಗೆ ಹಾಲು ಬಿಸಿ ಮಾಡಬೇಕು, ಒಡ್ನಿ. ತಣ್ಣಗಿದ್ರೆ ಕುಡಿಯಲ್ಲ.”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆಯಾದವನ ನೆಮ್ಮದಿ ಇತ್ತು.

ಅಪ್ಪನಿಗೆ ವಿಷಯ ಅರ್ಥವಾಗಲಿಲ್ಲ, ಗಡಿಯಾರ ಮಾತ್ರ ಅರ್ಥವಾಯಿತು. ಕಾರಿನ ಸುತ್ತ ನಡೆದ. ಕೇಬಲ್ಲನ್ನು ಮುಟ್ಟಿ ನೋಡಿದ. ಒಂದೂ ಕುಹಕವಾಡಲಿಲ್ಲ.

“ಅಪ್ಪ, ಯೂಸ್ಟೈನ್‌ಗೆ ಫೋನ್ ಮಾಡ್ತೀನಿ. ಎರಡು ಗಂಟೆಯ ಸಾಲಲ್ಲಿ ಬರ್ತೀವಿ, ಅಲ್ಲಿವರೆಗೆ ಕಾಯಿರಿ ಅಂತೀನಿ.”

“ಏನು ಮಾತಾಡ್ತೀಯ? ಪಾದ್ರಿ ಬಂದಿರ್ತಾರೆ. ಅಷ್ಟು ದೂರದಿಂದ ಜನ ಬಂದಿರ್ತಾರೆ. ಕಾಫಿ ಇಟ್ಟಿರ್ತಾರೆ. ನನ್ನೊಬ್ಬನಿಗೋಸ್ಕರ ಅವರೆಲ್ಲ ಕಾಯಬೇಕಾ?”

“ಕೇಳಿ ನೋಡೋಣ.”

“ಫೋನ್ ಒಳಗಿಡು.”

ಅರ್ಧವೂ ತುಂಬದೆ ಹೊರಟೆವು. ಗೇಟಿನವರೆಗೆ ಏರು, ಎದುರುಗಾಳಿ. ಸಿಂದ್ರೆ ಅಚ್ಚುಕಟ್ಟಾಗಿ, ಒಂದು ಹನಿಯೂ ವ್ಯರ್ಥ ಮಾಡದೆ ಓಡಿಸಿದ. ಅದನ್ನು ನೋಡಲಾಗದೆ ನಾನು ಕಿಟಕಿ ಕಡೆ ಮುಖ ಮಾಡಿದೆ. ಏನೂ ಕಾಣುತ್ತಿರಲಿಲ್ಲ, ಬರೀ ಬಿಳಿ.

ಗೇಟಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ನಾವು ಸಮಯಕ್ಕೆ ಮುಟ್ಟಿದ್ದೆವು. ಹೊಳೆಯುವ ಜಾಕೆಟ್ಟಿನ ಹೆಂಗಸೊಬ್ಬಳು ಗಾಡಿಯಿಂದ ಗಾಡಿಗೆ ಬಗ್ಗಿ ನೋಡುತ್ತ ಬಂದಳು.

“ಚಾರ್ಜ್ ಎಷ್ಟಿದೆ?”

“ಹದಿನೇಳು ಪರ್ಸೆಂಟು,” ಅಂದ ಸಿಂದ್ರೆ. ಒಂದನ್ನೂ ಹೆಚ್ಚು ಹೇಳಲಿಲ್ಲ.

“ಹದಿನೇಳಾ! ಹೋದ ವಾರ ಮೇಲೆ ಸಾಲು ಎರಡು ಗಂಟೆ ನಿಂತುಬಿಡ್ತು. ಹೀಟರ್ ಹಾಕ್ಕೊಂಡು ಕೂತ್ರೆ ನಿಮ್ಮದು ಸತ್ತೋಗುತ್ತೆ. ಒಂದು ನಿಂತ್ರೆ ಹಿಂದಿನ ಮೂವತ್ತೂ ನಿಲ್ಲುತ್ವೆ. ಬಿಡಲ್ಲ. ತಿರುಗಿಸಿ.”

“ನಮ್ಮ ದೊಡ್ಡಪ್ಪನ ಮಣ್ಣಿಗೆ ಹೋಗಬೇಕು,” ನಾನು ಹಿಂದಿನಿಂದ ಅಂದೆ. “ಇವರು ಪೆಟ್ಟಿಗೆ ಹೊರಬೇಕು.”

ಅವಳು ಅಪ್ಪನ ಕೊರಳಿನಲ್ಲಿ, ಸತ್ತವರ ಹತ್ತಿರದವರು ಕಟ್ಟುವ ಬಿಳಿ ಟೈ ನೋಡಿದಳು. ದನಿ ಮೆತ್ತಗಾಯಿತು. “ಗಾಡಿ ಬಿಡೋಕಾಗಲ್ಲ. ಆದ್ರೆ ಮನುಷ್ಯರು ಹೋಗಬಹುದಲ್ಲ. ಅಗೋ, ನಾಲ್ಕನೇದು, ಹಸಿರು ವ್ಯಾನು. ಒಬ್ಬನೇ ಇದಾನೆ, ಸೀಟೆಲ್ಲ ಖಾಲಿ. ಹೋಗಿ ಕೇಳಿ ಅಜ್ಜ. ಐದು ನಿಮಿಷ ಇದೆ.”

ಅಪ್ಪ ಇಳಿದ. ಗಾಳಿಗೆ ತಲೆ ಬಗ್ಗಿಸಿ ನಡೆದ. ಹಸಿರು ವ್ಯಾನಿನ ಪಕ್ಕ ನಿಂತ. ಒಳಗಿದ್ದವನು ಫೋನ್ ನೋಡುತ್ತಿದ್ದ, ತಲೆ ಎತ್ತಲಿಲ್ಲ. ಅಪರಿಚಿತ ಪಕ್ಕದಲ್ಲಿ ನಿಂತರೆ ನಮ್ಮಲ್ಲಿ ಯಾರೂ ತಲೆ ಎತ್ತುವುದಿಲ್ಲ, ಅದೂ ಮರ್ಯಾದೆಯೇ. ಅಪ್ಪ ಕೈ ಎತ್ತಿದ. ಗಾಜಿಗೆ ಒಂದು ಗೇಣಿನ ದೂರದಲ್ಲಿ ಅದು ನಿಂತಿತು. ಮತ್ತೆ ಜೇಬಿಗೆ ಹೋಯಿತು.

“ತಟ್ಟಬೇಕು ಅಷ್ಟೇ,” ಸಿಂದ್ರೆ ರೊಟ್ಟಿಯ ಪೊಟ್ಟಣ ಬಿಚ್ಚುತ್ತ ಅಂದ. “ನನ್ನ ವಿಷಯಕ್ಕೆ ಬಾಯಿ ಚೆನ್ನಾಗಿತ್ತು.”

ನಾನು ಇಳಿದು ಓಡಿದೆ. ಅಪ್ಪ ನನ್ನ ತೋಳು ಹಿಡಿದ.

“ಬೇಡ ಕಣೆ.”

“ನಾನು ಕೇಳ್ತೀನಿ ಅಪ್ಪ. ನೀನು ಸುಮ್ಮನಿರು.”

“ಅವನ ಪಾಡಿಗೆ ಅವನಿದಾನೆ. ಕೇಳಿದ್ರೆ ಅವನು ಇಲ್ಲ ಅನ್ನೋಕಾಗಲ್ಲ. ಇಲ್ಲ ಅನ್ನೋಕಾಗದೇ ಇರೋದನ್ನ ಕೇಳಬಾರದು.”

“ನಿನ್ನಣ್ಣ ಕೇಳಿದ್ನಲ್ಲ!”

ಅಪ್ಪನ ಹಿಡಿತ ಸಡಿಲಲಿಲ್ಲ. ಎಪ್ಪತ್ತೆಂಟರ ಕೈಯಲ್ಲಿ ಅಷ್ಟು ಬಲ ಇತ್ತು. ಮುಂದೆ ಹಳದಿ ದೀಪ ತಿರುಗತೊಡಗಿತು, ಗೇಟು ಎದ್ದಿತು. ನಾನು ತೋಳು ಬಿಡಿಸಿಕೊಂಡು ಹೋಗಿ ವ್ಯಾನಿನ ಬೆನ್ನಿಗೆ ಹೊಡೆದೆ. ಹೊಡೆದದ್ದು ಗಾಳಿಯಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಹೊರಟ ಸಾಲಿನಲ್ಲಿ ನಿಲ್ಲುವಂತಿಲ್ಲ. ಖಾಲಿ ಸೀಟುಗಳ ವ್ಯಾನು ಬಿಳಿಯೊಳಗೆ ಹೋಯಿತು. ಅದರ ಹಿಂದೆ ಒಂದೊಂದಾಗಿ ಉಳಿದವು ಹೋದವು. ಗೇಟು ಬಿತ್ತು.

ಅಪ್ಪ ಕಾರಿಗೆ ಬಂದು ಕೂತ. ವಾಪಸ್ಸು ಹೋಗೋಣ ಎಂದು ಯಾರೂ ಹೇಳಲಿಲ್ಲ. ಹೋಗದೇ ಇರೋಣ ಎಂದೂ ಹೇಳಲಿಲ್ಲ. ಗೇಟಿನ ಈಚೆ, ಕಾವಲಿನವರ ಗುಡಿಸಲ ಮರೆಯಲ್ಲಿ, ಗಾಡಿ ಆರಿಸಿ ಕೂತೆವು. ಒಂದು ಗಂಟೆಯಾದಾಗ ಅಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಯೂಸ್ಟೈನ್ ಫೋನ್ ಮಾಡಿದಾಗ ಎರಡಾಗುತ್ತ ಬಂದಿತ್ತು. ಅಪ್ಪನ ಬೆರಳು ಮರಗಟ್ಟಿತ್ತು. ಫೋನ್ ನಾನೇ ಹಿಡಿದೆ. ಮಾತು ಎಲ್ಲರಿಗೂ ಕೇಳಿಸಿತು.

“ಎಲ್ಲಿದೀಯ ಚಿಕ್ಕಪ್ಪ? ಏನಾದ್ರೂ ಆಯ್ತೇನೋ ಅಂತ ಹೆದರಿಬಿಟ್ವಿ.”

“ಗೇಟಲ್ಲಿ. ಚಾರ್ಜ್ ಇಲ್ಲ.”

“ಗೇಟಲ್ಲಾ? ಯಾವಾಗಿಂದ?”

“ಹನ್ನೊಂದೂವರೆಯಿಂದ.”

ಆ ಕಡೆಯಿಂದ ಬಟ್ಟಲುಗಳ ಸದ್ದು ಬರುತ್ತಿತ್ತು.

“ಒಂದು ಫೋನ್ ಮಾಡಬಾರದಿತ್ತಾ? ಇವತ್ತು ಚರ್ಚಲ್ಲಿ ಇನ್ನೊಂದು ಮಣ್ಣು ಇರಲಿಲ್ಲ. ಪಾದ್ರೀನೇ ಕೇಳಿದ್ರು, ಕಾಯೋಣವಾ ಅಂತ. ಹಿಡಿ ಹಿಡ್ಕೊಂಡು ನಿಂತಿದ್ವಿ, ಐದು ಜನ. ನೀನು ಮನಸ್ಸು ಬದಲಾಯಿಸಿದೆ ಅಂದ್ಕೊಂಡೆ. ಫೋನ್ ಮಾಡಿ ಒತ್ತಾಯ ಮಾಡಬಾರದು ಅಂತ ಸುಮ್ಮನಾದೆ.”

“ಯಾರು ಹಿಡಿದ್ರು?”

“ಪೆಟ್ಟಿಗೆ ಮಾರೋ ಅಂಗಡಿಯವನು.”

“ಒಳ್ಳೇದಾಯ್ತು,” ಅಂದ ಅಪ್ಪ. “ತೊಂದರೆ ಆಗಲಿಲ್ಲವಲ್ಲ.”

ಫೋನ್ ಕಟ್ಟಾಯಿತು. ಸಿಂದ್ರೆ ಗಾಡಿ ಚಾಲೂ ಮಾಡಿ, ದಕ್ಷಿಣಕ್ಕೆ, ಮನೆಯ ಕಡೆಗೆ, ತಿರುಗಿಸಿದ. ಯಾವ ಕಡೆ ಎಂದು ಯಾರನ್ನೂ ಕೇಳಲಿಲ್ಲ. ಇಳಿಜಾರಿನಲ್ಲಿ ಬಹಳ ದೂರ ಬಂದ ಮೇಲೆ ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

“ಸಿಂದ್ರೆ,” ಅಂದ. “ಆ ಹೀಟರು ಸ್ವಲ್ಪ ಹಾಕ್ತೀಯಾ?”

ಅಪ್ಪ ಅವನನ್ನು ಏನನ್ನಾದರೂ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ಬೇರೆ ಯಾರನ್ನಾದರೂ ಕೇಳಿದ್ದನ್ನೂ ಕಂಡಿರಲಿಲ್ಲ.

“ಆಗಲ್ಲ, ತೂರ್ಲೈವ್,” ಸಿಂದ್ರೆ ರಸ್ತೆ ನೋಡುತ್ತಲೇ ಅಂದ. “ಚಾರ್ಜ್ ಸಾಲಲ್ಲ.”

“ಸರಿ ಸರಿ,” ಅಂದ ಅಪ್ಪ ತಕ್ಷಣ. “ಇರಲಿ ಬಿಡು. ಸುಮ್ಮನೆ ಕೇಳಿದೆ.”

ಇಳಿಜಾರು, ನಿಲ್ದಾಣ ದೂರವಿರಲಿಲ್ಲ, ಸಾಲುತ್ತಿತ್ತು. ನಾನು ಹಿಂದಿನಿಂದ ಬಗ್ಗಿ, ಇಬ್ಬರ ನಡುವೆ ಕೈ ಚಾಚಿ, ಹೀಟರ್ ಹಾಕಿದೆ. ಅಪ್ಪನೇ ಮರಗಟ್ಟಿದ ಬೆರಳಿಂದ ತಡಕಾಡಿ, ಅದನ್ನು ಆರಿಸಿದ.